ದೀಪಾಲೆ ಕಂಬ ಗಟ್ಟಿ ಹಿತ್ತಾಳೆಯೋ, ಬರೀ ಲೇಪವೋ?

ಕೊಂಡಜ್ಜಿ ಹುಡುಗ:
ದಾವಣಗೆರೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಜೊತೆ ದೀಪಾಲೆ ಕಂಬ ನೋಡಿಟ್ಟಿದ್ದೀನಿ. ಒಂದೊಂದೂ 1,275 ಗ್ರಾಂ. ಮ್ಯಾಗ್ನೆಟ್ ಅಂಟಲ್ಲ. ಇಷ್ಟಕ್ಕೇ ಗಟ್ಟಿ ಹಿತ್ತಾಳೆ ಅಂತ ನಂಬಬಹುದಾ? ಪಾದದಲ್ಲಿ ಅಲ್ಲಲ್ಲಿ ತಿಳಿಗೆಂಪು ಕಲೆ, ಬತ್ತಿ ಇಡೋ ಬಟ್ಟಲಲ್ಲಿ ಹಸಿರು ಜಿಡ್ಡು ಇದೆ.

ದುರ್ಗದ ಕಲಾಯಿ:
ಮ್ಯಾಗ್ನೆಟ್ ಅಂಟಿದ್ರೆ ಒಳಗೆ ಕಬ್ಬಿಣ ಐತೆ ಅಂತ ಗೊತ್ತಾಗುತ್ತೆ, ಅಷ್ಟೇ. ಸತುವಿನ ಎರಕಕ್ಕೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ. ತೂಕವೊಂದನ್ನೇ ನಂಬಬ್ಯಾಡ್ರಿ, ಪಾದದ ಟೊಳ್ಳಿಗೆ ಅರಗು ತುಂಬಿರ್ತಾರೆ. ತಿರುಪು ಬಿಚ್ಚಿ ಒಳಗೆ ನೋಡ್ರಿ. ಆಮೇಲೆ ಅಂಚಿನ ತನಕ ನೀರು ತುಂಬಿದ ಪಾತ್ರೆಗೆ ನಿಧಾನ ಇಳಿಸಿ, ಚೆಲ್ಲಿದ ನೀರು ಅಳೀರಿ. ತೂಕಾನ ಚೆಲ್ಲಿದ ನೀರಿನಿಂದ ಭಾಗಿಸ್ರಿ: ನೀವು ಹೇಳಿದ ತೂಕಕ್ಕೆ 150 ಮಿ.ಲೀ. ಚೆಲ್ಲಿದ್ರೆ ಲೆಕ್ಕ 8.5, ಅದು ಹಿತ್ತಾಳೆ. 190ರ ಹತ್ರ ಬಂದ್ರೆ ಸತುವಿನ ಎರಕ. ಟೊಳ್ಳಲ್ಲಿ ಗಾಳಿ ಸಿಕ್ಕಿಕೊಂಡ್ರೆ ಲೆಕ್ಕ ತಪ್ಪುತ್ತೆ, ಟೊಳ್ಳಿನ ಬಾಯಿ ಕೆಳಗೆ ಮಾಡಿ ಮುಳುಗಿಸಬ್ಯಾಡ್ರಿ. ಅಂಗಡಿಯವರು ಒಪ್ಪಿದ್ರೆ ತಳದ ಒಳಗಡೆ ಅರದಿಂದ ಒಂದು ಗೀರು: ಹಳದಿ ಕಂಡ್ರೆ ಸರಿ, ಬೆಳ್ಳಗೆ ಕಂಡ್ರೆ ಲೇಪ.

ಹರಿಹರದವಳು:
ಹಸಿರು ಅಂದ್ರೆ ಎಣ್ಣೆ ಹಳಸಿ ತಾಮ್ರದ ಅಂಶದ ಜೊತೆ ಕೂಡಿದ್ದು. ಜಿಡ್ಡಿನ ಮೇಲೆ ಹುಣಸೆಹುಳಿ ಹಿಡಿಯಲ್ಲ, ಅದಕ್ಕೇ ಎಷ್ಟು ತಿಕ್ಕಿದರೂ ಹೋಗಲ್ಲ ಅಂತ ಜನ ಗೊಣಗೋದು. ಮೊದಲು ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ 15 ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆಮೇಲೆ ನಿಂಬೆಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು. ಎರಡು ಮೂರು ನಿಮಿಷ ತಿಕ್ಕಿ ತೊಳೆದುಬಿಡಿ. ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಹಿತ್ತಾಳೆಯ ಮೇಲ್ಪದರದ ಸತು ಕರಗಿ ಅಲ್ಲಿ ತಾಮ್ರ ಉಳಿಯುತ್ತೆ. ತಿಳಿಗೆಂಪು ಕಲೆ ಆಗೋದು ಹಾಗೇ. ಪಾತ್ರೆ ತಿಕ್ಕೋ ಪೀತಾಂಬರಿ ಪುಡಿ ಪರವಾಗಿಲ್ಲ, ಆದರೆ ವಾರ ವಾರ ತಿಕ್ಕಿದರೆ ನಕಾಶಿ ಸವೆಯುತ್ತೆ. ಸ್ಟೀಲ್ ಜುಂಗು ಮುಟ್ಟಿಸಲೇಬೇಡಿ. ನಮ್ಮ ಕಡೆ ಬೋರ್ ನೀರು ಗಡಸು, ತಾನಾಗಿ ಆರಲು ಬಿಟ್ಟರೆ ಬಿಳಿ ಚುಕ್ಕೆ ಕೂರುತ್ತೆ. ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಿ.

ದುರ್ಗದ ಕಲಾಯಿ:
ಅಕ್ಕಾರೆ, ತಿಳಿಗೆಂಪಿಗೆ ಇನ್ನೊಂದು ಕಾರಣನೂ ಐತೆ. ಸತುವಿನ ಎರಕಕ್ಕೆ ಮೊದಲು ತಾಮ್ರದ ಲೇಪ ಕೊಟ್ಟು, ಅದರ ಮೇಲೆ ಹಿತ್ತಾಳೆ ಲೇಪ ಕೊಡ್ತಾರೆ. ಮೇಲಿನದು ಸವೆದ್ರೆ ತಾಮ್ರ ಇಣುಕುತ್ತೆ. ಕಲೆ ಎಲ್ಲೈತೆ ಅನ್ನೋದೇ ಮುಖ್ಯ: ನೀರು ನಿಲ್ಲೋ ತಗ್ಗಿನಲ್ಲೋ, ಬಟ್ಟೆ ತಾಗೋ ಏಣಿನ ಮೇಲೋ?

ಕೊಂಡಜ್ಜಿ ಹುಡುಗ:
ಏಣಿನ ಮೇಲೇ. ತಗ್ಗುಗಳಲ್ಲಿ ಹಳದಿ ಚೆನ್ನಾಗೇ ಇದೆ.

ದುರ್ಗದ ಕಲಾಯಿ:
ಹಾಗಾದ್ರೆ ಲೇಪ ಅಂತಲೇ ಅನುಮಾನ. ನೀರಿನ ಲೆಕ್ಕ ನೋಡದೆ ಹಿತ್ತಾಳೆ ರೇಟು ಕೊಡಬ್ಯಾಡ್ರಿ. ಲೇಪದ್ದೇ ಆಗಿ, ಆದ್ರೂ ತಗೊಂಡ್ರೆ ಸೋಡಾ, ಹುಣಸೆ ಎರಡೂ ಬ್ಯಾಡ. ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆ ಬಟ್ಟೆ ಸಾಕು.