ಬೇಸ್‌ಬಾಲ್ ಋತುವಿನ ಕೊನೆಯ ವಾರಗಳು: ಸೋತ ದಿನವೇ ಸಿನ್ಸಿನಾಟಿ ಪ್ಲೇಆಫ್ ಸೇರಿದ್ದು ನ್ಯಾಯವೇ?

ಪ್ರಶ್ನೆ: ಡೊಂಬಿವಲಿವಾಸಿ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನ್ಯೂಯಾರ್ಕಿನವರೊಡನೆ ದಿನವೂ ಮಾತನಾಡಬೇಕಾದ್ದರಿಂದ ನನಗೆ ಮೆಟ್ಸ್ ತಂಡದ ಗೀಳು ಹತ್ತಿದೆ. ಅಲ್ಲಿಯ ಸಂಜೆ ಏಳರ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಆರಂಭವಾಗುತ್ತದೆ. ಒಂಬತ್ತು ಇನಿಂಗ್ಸ್‌ಗಳಲ್ಲಿ ಮೊದಲ ಐದಾರನ್ನು ಮನೆಯಲ್ಲಿ ನೋಡಿ, ಉಳಿದದ್ದನ್ನು ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿಕೆಯನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದುಕೊಂಡು ಮುಗಿಸುವುದು ರೂಢಿಯಾಗಿದೆ.

2025ರ ಜೂನ್ 12ರಂದು 45 ಗೆಲುವು, 24 ಸೋಲುಗಳೊಂದಿಗೆ ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಇಡೀ ಮೇಜರ್ ಲೀಗಿನಲ್ಲಿಯೇ ಮುಂದಿದ್ದ, ಹುವಾನ್ ಸೋಟೋ ಅವರೊಬ್ಬರಿಗೇ 15 ವರ್ಷಗಳಿಗೆ 76.5 ಕೋಟಿ ಡಾಲರ್ ಕೊಡಲು ಒಪ್ಪಿದ್ದ ಈ ತಂಡ ಸೆಪ್ಟೆಂಬರ್ 28ರ ಕೊನೆಯ ಪಂದ್ಯದಲ್ಲಿ ಮಯಾಮಿಯ ಮಾರ್ಲಿನ್ಸ್‌ಗೆ 4–0ರಿಂದ ಸೋತು 83 ಗೆಲುವು, 79 ಸೋಲುಗಳಿಗೆ ನಿಂತಿತು. ಐದನೆಯ ಇನಿಂಗ್ಸ್‌ನಲ್ಲಿ ಮೂರು ಬೇಸ್‌ಗಳಲ್ಲಿಯೂ ಮೆಟ್ಸ್ ಓಟಗಾರರು ನಿಂತಿದ್ದಾಗ ಪೀಟ್ ಅಲೊನ್ಸೊ ಬಿರುಸಾಗಿ ಬಾರಿಸಿದ ಚೆಂಡು ನೆಲ ಮುಟ್ಟದೆ ನೇರವಾಗಿ ಎಡಭಾಗದ ಫೀಲ್ಡರನ ಗ್ಲೋವ್ ಸೇರಿತು. ಅದು ಎರಡು ಗಜ ಆಚೆಗೆ ಹೋಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಸಿನ್ಸಿನಾಟಿಯ ರೆಡ್ಸ್ ತಂಡವೂ ಅದೇ ದಿನ ಮಿಲ್ವಾಕಿಯ ಬ್ರೂವರ್ಸ್‌ಗೆ 4–2ರಿಂದ ಸೋತಿತು, ಅದರ ಲೆಕ್ಕವೂ 83–79. ಆದರೂ ರೆಡ್ಸ್ ಒಳಗೆ, ಮೆಟ್ಸ್ ಹೊರಗೆ.

ನನ್ನ ಸಂದೇಹ ಇಷ್ಟೇ. ಇಬ್ಬರೂ ಸಮಬಲರಾದಾಗ ಹಿಂದೆ ಇದ್ದಂತೆ ಒಂದು ನಿರ್ಣಾಯಕ ಪಂದ್ಯವನ್ನು ಆಡಿಸದೆ ಕಾಗದದ ಮೇಲೆಯೇ ತೀರ್ಮಾನಿಸುವುದರಿಂದ ಕೊನೆಯ ವಾರಗಳ ಸ್ವಾರಸ್ಯ ಕುಂದಿಲ್ಲವೇ?

ಉತ್ತರ: ಹಿಂಜವಡಿ ಕನ್ನಡಿಗ

ಡೊಂಬಿವಲಿಯವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಮೆಟ್ಸ್‌ಗೆ ಅನ್ಯಾಯವಾಯಿತೆಂದು ನಾನು ಒಪ್ಪಲಾರೆ. 2022ರಲ್ಲಿ ಪ್ಲೇಆಫ್ ತಂಡಗಳ ಸಂಖ್ಯೆಯನ್ನು 12ಕ್ಕೆ ಏರಿಸಿದಾಗ, ಅಂದರೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗುಗಳಲ್ಲಿಯೂ ಮೂವರು ಡಿವಿಷನ್ (ಲೀಗಿನೊಳಗಿನ ಗುಂಪು) ವಿಜೇತರು ಮತ್ತು ಮೂರು ವೈಲ್ಡ್ ಕಾರ್ಡ್ ತಂಡಗಳು (ಡಿವಿಷನ್ ಗೆಲ್ಲದವರಲ್ಲಿ ಹೆಚ್ಚು ಪಂದ್ಯ ಗೆದ್ದವರು) ಎಂದು ಗೊತ್ತುಮಾಡಿದಾಗ, 162 ಪಂದ್ಯಗಳ ಬಳಿಕ ಸಮಬಲರ ನಡುವೆ ಆಡಿಸುತ್ತಿದ್ದ 163ನೆಯ ಪಂದ್ಯವನ್ನು ಕೈಬಿಡಲಾಯಿತು. ಸಮಬಲವಾದರೆ ಮೊದಲು ನೋಡುವುದು ಆ ಇಬ್ಬರ ನಡುವಿನ ಮುಖಾಮುಖಿಯನ್ನು. ಅಲ್ಲಿಯೂ ಸಮವಾದರೆ ತಂತಮ್ಮ ಡಿವಿಷನ್ನಿನೊಳಗಿನ ಸಾಧನೆಯನ್ನು. 2025ರಲ್ಲಿ ರೆಡ್ಸ್ ಮತ್ತು ಮೆಟ್ಸ್ ಆರು ಸಲ ಎದುರಾದವು, ನಾಲ್ಕನ್ನು ರೆಡ್ಸ್ ಗೆದ್ದಿತು. ಅವುಗಳಲ್ಲಿ ಮೂರು ಪಂದ್ಯಗಳು ಸೆಪ್ಟೆಂಬರ್ ಮೊದಲ ವಾರದಲ್ಲಿಯೇ ಸಿನ್ಸಿನಾಟಿಯಲ್ಲಿ ನಡೆದವು. ಆ ನಿರ್ಣಾಯಕ ಪಂದ್ಯವನ್ನು ನಿಮ್ಮವರು ಆಡಿಯೇ ಸೋತಿದ್ದಾರೆ, ಆಡುವಾಗ ಅದು ನಿರ್ಣಾಯಕವೆಂದು ಯಾರೂ ಘೋಷಿಸಿರಲಿಲ್ಲ, ಅಷ್ಟೇ.

ವೇಳಾಪಟ್ಟಿಯ ಒತ್ತಡವೂ ಸಣ್ಣದಲ್ಲ. 162 ಪಂದ್ಯಗಳು ಮುಗಿದ ಎರಡೇ ದಿನಕ್ಕೆ ಮೂರು ಪಂದ್ಯಗಳ ವೈಲ್ಡ್ ಕಾರ್ಡ್ ಸರಣಿ ಆರಂಭವಾಗುತ್ತದೆ. 2018ರ ಅಕ್ಟೋಬರ್ 1ರಂದು ಎರಡು ಡಿವಿಷನ್‌ಗಳಲ್ಲಿ ಒಟ್ಟಿಗೇ ಸಮಬಲವಾಗಿ, ಬ್ರೂವರ್ಸ್–ಕಬ್ಸ್ ಮತ್ತು ಡಾಡ್ಜರ್ಸ್–ರಾಕೀಸ್ ಎಂಬ ಎರಡು ಹೆಚ್ಚುವರಿ ಪಂದ್ಯಗಳನ್ನು ಒಂದೇ ದಿನ ಆಡಿಸಬೇಕಾಗಿ ಬಂದಿತ್ತು. ಇನ್ನು 2024ರಲ್ಲಿ ಮೆಟ್ಸ್, ಬ್ರೇವ್ಸ್, ಡೈಮಂಡ್‌ಬ್ಯಾಕ್ಸ್ ಮೂರೂ ತಂಡಗಳು 89–73ರಲ್ಲಿ ನಿಂತವು. ಮೂವರಿಗೆ ಎರಡು ಸ್ಥಾನಗಳೆಂದರೆ ಎಷ್ಟು ಹೆಚ್ಚುವರಿ ಪಂದ್ಯಗಳು ಬೇಕಾಗುತ್ತಿದ್ದವೆಂದು ಲೆಕ್ಕ ಹಾಕಿ ನೋಡಿ. ಆ ವರ್ಷ ಇದೇ ನಿಯಮ ನಿಮ್ಮ ತಂಡವನ್ನು ಒಳಗೆ ಬಿಟ್ಟು ಅರಿಜೋನಾದವರನ್ನು ಹೊರಗಿಟ್ಟಿತು. ಆಗ ನ್ಯೂಯಾರ್ಕಿನಿಂದ ಯಾವ ದೂರೂ ಬಂದಂತೆ ಕಾಣೆ.

ಉತ್ತರ: ವಾಸ್ಕೋದಿಂದ

ಹಿಂಜವಡಿಯವರು ನಿಯಮವನ್ನು ಸರಿಯಾಗಿ ವಿವರಿಸಿದ್ದಾರೆ, ಆದರೆ ಡೊಂಬಿವಲಿಯವರು ಕೇಳಿದ್ದು ಸ್ವಾರಸ್ಯದ ವಿಷಯ. ಅದಕ್ಕೆ ಧಕ್ಕೆ ತಂದದ್ದು ಮುಖಾಮುಖಿ ಲೆಕ್ಕವಲ್ಲ, ಮೂರನೆಯ ವೈಲ್ಡ್ ಕಾರ್ಡ್ ಎಂಬುದು ನನ್ನ ಅಭಿಪ್ರಾಯ.

2011ರ ಸೆಪ್ಟೆಂಬರ್ 28ನ್ನು ನೆನೆಯಿರಿ. ಆಗ ಲೀಗಿಗೊಂದೇ ವೈಲ್ಡ್ ಕಾರ್ಡ್ ಇತ್ತು. ತಿಂಗಳ ಆರಂಭದಲ್ಲಿ ಒಂಬತ್ತು ಪಂದ್ಯಗಳಷ್ಟು (ಗೆಲುವುಗಳ ಅಂತರ, ಸೋಲುಗಳ ಅಂತರ ಇವೆರಡರ ಸರಾಸರಿ) ಮುಂದಿದ್ದ ಬಾಸ್ಟನ್ ರೆಡ್ ಸಾಕ್ಸ್ ಕೊನೆಯ ದಿನದ ಹೊತ್ತಿಗೆ ಟ್ಯಾಂಪಾ ಬೇ ರೇಸ್ ತಂಡದ ಜೊತೆ ಸಮಬಲಕ್ಕೆ ಇಳಿದಿತ್ತು. ಅತ್ತ ಬಾಲ್ಟಿಮೋರ್‌ನಲ್ಲಿ ಒಂಬತ್ತನೆಯ ಇನಿಂಗ್ಸ್‌ನವರೆಗೂ 3–2ರಿಂದ ಮುಂದಿದ್ದ ಬಾಸ್ಟನ್, ಎದುರಾಳಿಯ ಇಬ್ಬರು ಔಟಾಗಿ ಮೂರನೆಯವನು ಔಟಾದರೆ ಗೆಲುವೆನ್ನುವಾಗ ಎರಡು ರನ್ ಬಿಟ್ಟುಕೊಟ್ಟು ಸೋತಿತು. ಇತ್ತ ಯಾಂಕೀಸ್ ವಿರುದ್ಧ ಏಳು ಇನಿಂಗ್ಸ್ ಕಳೆದರೂ 7–0ರಿಂದ ಹಿಂದಿದ್ದ ರೇಸ್ ಎಂಟನೆಯದರಲ್ಲಿ ಆರು ರನ್ ಗಳಿಸಿತು. ಒಂಬತ್ತನೆಯದರಲ್ಲಿ ಇಬ್ಬರು ಔಟಾಗಿ, ಎರಡು ಸ್ಟ್ರೈಕ್ ಬಿದ್ದು, ಇನ್ನೊಂದು ಸ್ಟ್ರೈಕ್ ಬಿದ್ದರೆ ಎಲ್ಲವೂ ಮುಗಿಯಿತೆನ್ನುವಾಗ ಡ್ಯಾನ್ ಜಾನ್ಸನ್ ಹೋಮ್ ರನ್ (ನಮ್ಮ ಸಿಕ್ಸರಿನಂತೆ ಗೋಡೆ ದಾಟುವ ಹೊಡೆತ) ಹೊಡೆದು ಸಮ ಮಾಡಿದರು. ಬಾಸ್ಟನ್ ಸೋತ ಕೆಲವೇ ನಿಮಿಷಗಳಲ್ಲಿ, 12ನೆಯ ಇನಿಂಗ್ಸ್‌ನಲ್ಲಿ, ಇವಾನ್ ಲಾಂಗೋರಿಯಾ ಹೊಡೆದ ಚೆಂಡು ಎಡಗಡೆಯ ಮೂಲೆಯ ಕುಳ್ಳು ಗೋಡೆಯನ್ನು ದಾಟಿ ಬಿದ್ದು, ರೇಸ್ ಗೆದ್ದಿತು. ನಮ್ಮ ಗಡಿಯಾರದಲ್ಲಿ ಅದು 29ರ ಬೆಳಗಿನ ಒಂಬತ್ತೂವರೆಯ ಹೊತ್ತು, ಅಂದರೆ ಎಲ್ಲರೂ ಕಚೇರಿಗೆ ಧಾವಿಸುವ ಸಮಯ. ಅದೇ ರಾತ್ರಿ ನ್ಯಾಷನಲ್ ಲೀಗಿನಲ್ಲಿ ಅಟ್ಲಾಂಟಾ ಬ್ರೇವ್ಸ್ 13 ಇನಿಂಗ್ಸ್ ಆಡಿ ಫಿಲಡೆಲ್ಫಿಯಾಕ್ಕೆ ಸೋತು, ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ದಾರಿ ಬಿಟ್ಟಿತು. ಆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ಗೆದ್ದದ್ದು ಆ ಕಾರ್ಡಿನಲ್ಸೇ.

ಈಗ ಇಂದಿನ ನಿಯಮವನ್ನು ಆ ವರ್ಷದ ಪಟ್ಟಿಗೆ ಅನ್ವಯಿಸಿ ನೋಡಿ. 90 ಗೆಲುವುಗಳ ಬಾಸ್ಟನ್ ಎರಡನೆಯ ವೈಲ್ಡ್ ಕಾರ್ಡ್‌ನಲ್ಲಿಯೂ, 89 ಗೆಲುವುಗಳ ಅಟ್ಲಾಂಟಾ ಅದೇ ರೀತಿಯಲ್ಲಿಯೂ ಒಳಗೆ ಬರುತ್ತಿದ್ದವು. ಇಬ್ಬರೂ ಹಿಂದಿನ ವಾರವೇ ನಿಶ್ಚಿಂತರಾಗಿ ತಮ್ಮ ಉತ್ತಮ ಪಿಚರ್‌ಗಳಿಗೆ (ಚೆಂಡೆಸೆಯುವವರಿಗೆ) ವಿಶ್ರಾಂತಿ ಕೊಡುತ್ತಿದ್ದರು, ಆ ರಾತ್ರಿಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. 2007ರಲ್ಲಿ 17 ಪಂದ್ಯಗಳು ಉಳಿದಿದ್ದಾಗ ಏಳು ಪಂದ್ಯಗಳಷ್ಟು ಮುಂದಿದ್ದು ಕೈಚೆಲ್ಲಿದ ಮೆಟ್ಸ್‌ಗೂ ಇಂದಾದರೆ 88 ಗೆಲುವುಗಳ ಬಲದಲ್ಲಿ ಸ್ಥಾನ ಸಿಗುತ್ತಿತ್ತು. ಒಳ್ಳೆಯ ತಂಡಗಳು ಎಡವಿದರೆ ಬೀಳಲೇಬೇಕೆಂಬ ಭಯ ಹಿಂದೆ ಇತ್ತು. ಈಗ ಆ ಭಯವೆಲ್ಲ 83 ಗೆಲುವುಗಳ ಸಾಧಾರಣ ತಂಡಗಳ ಪಾಲಿಗೆ ಬಂದಿದೆ. ಕೊನೆಯ ದಿನ ಇಬ್ಬರೂ ಸೋತು, ಅವರಲ್ಲೊಬ್ಬರು ಒಳಗೆ ಹೋಗುವುದನ್ನು ನೋಡಲು ನಾನಂತೂ ನಿದ್ದೆಗೆಡುವುದಿಲ್ಲ.

ಪ್ರತಿಕ್ರಿಯೆ: ಡೊಂಬಿವಲಿವಾಸಿ

ಇಬ್ಬರಿಗೂ ಧನ್ಯವಾದಗಳು. ನಾನಂತೂ ಆ ರಾತ್ರಿ ಹನ್ನೆರಡೂಮುಕ್ಕಾಲರಿಂದ ನಿದ್ದೆಗೆಟ್ಟವನೇ. ಇನ್ನೊಂದು ಸಂದೇಹವಿದೆ. ಐಪಿಎಲ್‌ನಲ್ಲಿ ಅಂಕಗಳು ಸಮವಾದರೆ ನೆಟ್ ರನ್‌ರೇಟ್ ನೋಡುತ್ತಾರೆ. 2024ರ ಮೇ 18ರಂದು ನಮ್ಮ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ, ತಲಾ 14 ಅಂಕಗಳಾದಾಗ ಆ ಲೆಕ್ಕದ ಮೇಲೆಯೇ ಒಳಗೆ ಹೋಯಿತಲ್ಲವೇ? ಬೇಸ್‌ಬಾಲ್‌ನಲ್ಲಿಯೂ ಗಳಿಸಿದ ಮತ್ತು ಕೊಟ್ಟ ರನ್‌ಗಳ ವ್ಯತ್ಯಾಸವನ್ನು ಏಕೆ ಪರಿಗಣಿಸಬಾರದು?

ಉತ್ತರ: ಮಾಟುಂಗಾ ಪೂರ್ವ

ರನ್ ವ್ಯತ್ಯಾಸವನ್ನು ತಂದರೆ ಆಟವೇ ಕೆಡುತ್ತದೆ, ಮಹನೀಯರೇ. ಬೇಸ್‌ಬಾಲ್‌ನಲ್ಲಿ ತವರಿನ ತಂಡ ಮುಂದಿದ್ದರೆ ಒಂಬತ್ತನೆಯ ಇನಿಂಗ್ಸ್‌ನ ತನ್ನ ಸರದಿಯನ್ನು ಆಡುವುದೇ ಇಲ್ಲ. ಕೊನೆಯ ಸರದಿಯಲ್ಲಿ ಒಂದು ರನ್ ಮುನ್ನಡೆ ಸಿಕ್ಕ ಕೂಡಲೇ ಪಂದ್ಯ ಮುಗಿಯುತ್ತದೆ. ಹಾಗಾಗಿ ತವರಿನಲ್ಲಿ ಹೆಚ್ಚು ಗೆಲ್ಲುವ ತಂಡಕ್ಕೆ ರನ್ ಕೂಡಿಹಾಕುವ ಅವಕಾಶವೇ ಕಡಿಮೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಎಂಟೋ ಹತ್ತೋ ರನ್‌ಗಳಿಂದ ಹಿಂದೆ ಬಿದ್ದ ತಂಡದ ಮ್ಯಾನೇಜರ್ ನಾಳಿನ ಪಂದ್ಯಕ್ಕೆ ತನ್ನ ಪಿಚರ್‌ಗಳನ್ನು ಉಳಿಸಿಕೊಳ್ಳಲು ಫೀಲ್ಡರ್‌ನೊಬ್ಬನನ್ನೇ ಚೆಂಡೆಸೆಯಲು ನಿಲ್ಲಿಸುತ್ತಾನೆ. ಅದು ಅತಿಯಾಯಿತೆಂದು 2023ರಲ್ಲಿ ನಿಯಮವನ್ನೇ ಬಿಗಿಗೊಳಿಸಿದರು: ಎಂಟು ರನ್‌ಗಳಿಗೆ ಕಡಿಮೆಯಿಲ್ಲದಂತೆ ಹಿಂದಿದ್ದರೆ, ಇಲ್ಲವೇ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕನಿಷ್ಠ ಹತ್ತು ರನ್‌ಗಳಿಂದ ಮುಂದಿದ್ದರೆ, ಅಥವಾ ಹೆಚ್ಚುವರಿ ಇನಿಂಗ್ಸ್‌ಗಳಲ್ಲಿ ಮಾತ್ರ ಅದಕ್ಕೆ ಅನುಮತಿ. ಅಂತಹ ಫೀಲ್ಡರ್ ಮೆಲ್ಲಗೆ ಎಸೆದ ಚೆಂಡುಗಳಿಗೆ ಹೊಡೆದ ಹೋಮ್ ರನ್‌ಗಳು ಸೆಪ್ಟೆಂಬರ್‌ನಲ್ಲಿ ಯಾರ ಭವಿಷ್ಯವನ್ನೂ ನಿರ್ಧರಿಸಬಾರದು.

ವಾಸ್ಕೋದವರು ಹೇಳಿದ್ದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಆದರೆ ಪಟ್ಟಿಯ ಮೇಲ್ಭಾಗದಲ್ಲಿ ಭಯವೇ ಉಳಿದಿಲ್ಲವೆಂಬುದು ಸರಿಯಲ್ಲ, ಏಕೆಂದರೆ ಪ್ರತಿ ಲೀಗಿನ ಮೊದಲ ಇಬ್ಬರು ಡಿವಿಷನ್ ವಿಜೇತರಿಗೆ ಮಾತ್ರ ವೈಲ್ಡ್ ಕಾರ್ಡ್ ಸುತ್ತಿನಿಂದ ವಿನಾಯಿತಿ. 2025ರಲ್ಲಿ ಟೊರಾಂಟೊ ಬ್ಲೂ ಜೇಸ್ ಮತ್ತು ಯಾಂಕೀಸ್ ಎರಡೂ 94–68ರಲ್ಲಿ ನಿಂತಾಗ, ಮುಖಾಮುಖಿಯಲ್ಲಿ 8–5ರಿಂದ ಮುಂದಿದ್ದ ಟೊರಾಂಟೊ ನೇರವಾಗಿ ಎರಡನೆಯ ಸುತ್ತಿಗೆ ಹೋಯಿತು. ಯಾಂಕೀಸ್ ಮೊದಲು ಬಾಸ್ಟನ್ ಜೊತೆ ಮೂರು ಪಂದ್ಯಗಳನ್ನು ಆಡಿ ದಣಿದು, ಆಮೇಲೆ ಅದೇ ಟೊರಾಂಟೊಗೆ 3–1ರಿಂದ ಸೋತಿತು.

ಇನ್ನು ಎಡವಿ ಬೀಳುವುದರ ಮಾತಿಗೆ ಬಂದರೆ ಅದೇ ವರ್ಷದ ಡೆಟ್ರಾಯಿಟ್ ಟೈಗರ್ಸ್ ಸಾಲದೇ? ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್‌ಗಿಂತ ಹದಿನೈದೂವರೆ ಪಂದ್ಯಗಳಷ್ಟು ಮುಂದಿದ್ದವರು, ಸೆಪ್ಟೆಂಬರ್‌ನ ಮೊದಲ ವಾರದಲ್ಲಿಯೂ 11 ಪಂದ್ಯಗಳ ಅಂತರ ಉಳಿಸಿಕೊಂಡಿದ್ದವರು, ಕೊನೆಯ ಎರಡು ವಾರಗಳಲ್ಲಿ ಅದೇ ಕ್ಲೀವ್‌ಲ್ಯಾಂಡ್ ಎದುರು ಆರರಲ್ಲಿ ಐದನ್ನು ಸೋತು, 88–87 ಗೆಲುವುಗಳ ಅಂತರದಲ್ಲಿ ಡಿವಿಷನ್ ಬಿಟ್ಟುಕೊಟ್ಟರು. ಅಷ್ಟು ದೊಡ್ಡ ಹಿನ್ನಡೆಯನ್ನು ದಾಟಿ ಡಿವಿಷನ್ ಗೆದ್ದ ತಂಡ ಲೀಗಿನ ಇತಿಹಾಸದಲ್ಲಿ ಬೇರೊಂದಿಲ್ಲ.

ಪ್ರತಿಕ್ರಿಯೆ: ವಾಸ್ಕೋದಿಂದ

ಮಾಟುಂಗಾದವರೇ, ನೀವು ಕೊಟ್ಟ ಉದಾಹರಣೆಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಅಷ್ಟೆಲ್ಲ ಕಳೆದುಕೊಂಡ ಡೆಟ್ರಾಯಿಟ್ ಮನೆಗೆ ಹೋಗಲಿಲ್ಲ; ಮೂರನೆಯ ವೈಲ್ಡ್ ಕಾರ್ಡ್ ಹಿಡಿದು ಅದೇ ವಾರ ಕ್ಲೀವ್‌ಲ್ಯಾಂಡ್‌ಗೇ ಹೋಗಿ 2–1ರಿಂದ ಗೆದ್ದು ಬಂತು. ಆರು ತಿಂಗಳು ಅಟ್ಟಿಸಿಕೊಂಡು ಬಂದು ಡಿವಿಷನ್ ಗೆದ್ದವರಿಗೆ ದಕ್ಕಿದ್ದು ತವರಿನಲ್ಲಿ ಮೂರು ಪಂದ್ಯಗಳು, ಅಷ್ಟೇ. ನನ್ನ ಕೈಯಲ್ಲಿ ಅಧಿಕಾರವಿದ್ದರೆ ಲೀಗಿಗೆ ಎರಡೇ ವೈಲ್ಡ್ ಕಾರ್ಡ್ ಉಳಿಸಿ, ಸಮಬಲವಾದಾಗ 163ನೆಯ ಪಂದ್ಯವನ್ನು ಮರಳಿ ತರುತ್ತಿದ್ದೆ.

ಉತ್ತರ: ಹಿಂಜವಡಿ ಕನ್ನಡಿಗ

ಪಂದ್ಯಗಳು ಹೆಚ್ಚಿದರೆ ಟಿವಿ ಹಣವೂ ಹೆಚ್ಚು. ವಾಸ್ಕೋದವರ ಸುಧಾರಣೆಯನ್ನು ಯಾವ ಮಾಲೀಕರೂ ಒಪ್ಪುವಂತೆ ಕಾಣುವುದಿಲ್ಲ.

ಡೊಂಬಿವಲಿಯವರಿಗೆ ಉಪಯೋಗವಾಗಬಹುದಾದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಎಲ್ಲರೂ ಹೇಳುವ ಮ್ಯಾಜಿಕ್ ನಂಬರ್ (ಸ್ಥಾನ ಖಚಿತವಾಗಲು ಇನ್ನೂ ಬೇಕಾದ ತನ್ನ ಗೆಲುವು ಮತ್ತು ಎದುರಾಳಿಯ ಸೋಲುಗಳ ಒಟ್ಟು ಸಂಖ್ಯೆ) ಪಡೆಯಲು 163ರಿಂದ ಮುಂದಿರುವ ತಂಡದ ಗೆಲುವುಗಳನ್ನೂ ಹಿಂದಿರುವ ತಂಡದ ಸೋಲುಗಳನ್ನೂ ಕಳೆಯಬೇಕು. ಒಂದು ತಂಡಕ್ಕೆ 85 ಗೆಲುವು, ಎದುರಾಳಿಗೆ 70 ಸೋಲು ಇದ್ದರೆ ಉಳಿಯುವುದು ಎಂಟು. ಮುಂದಿನವರ ಪ್ರತಿ ಗೆಲುವಿಗೂ ಹಿಂದಿನವರ ಪ್ರತಿ ಸೋಲಿಗೂ ಅದು ಒಂದೊಂದಾಗಿ ಇಳಿಯುತ್ತದೆ. ಆದರೆ ಮುಖಾಮುಖಿಯಲ್ಲಿ ಮುಂದಿನವರೇ ಮೇಲುಗೈ ಸಾಧಿಸಿದ್ದರೆ ಸಮಬಲವೂ ಅವರಿಗೆ ಗೆಲುವೇ ಆದ್ದರಿಂದ 163ರ ಬದಲು 162ರಿಂದ ಕಳೆಯಬೇಕು, ಆಗ ಸಿಗುವುದು ಏಳು. ಆದ್ದರಿಂದ ಆಗಸ್ಟ್ ಮುಗಿಯುವಾಗ ನಿಮ್ಮ ತಂಡದ ಸಮೀಪದ ಮೂರು ನಾಲ್ಕು ಎದುರಾಳಿಗಳೊಡನೆ ಮುಖಾಮುಖಿ ಹೇಗಿದೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯ ಭಾನುವಾರ ಎಲ್ಲ ಪಂದ್ಯಗಳೂ ಸರಿಸುಮಾರು ಒಂದೇ ವೇಳೆಗೆ, ನಮಗೆ ಮಧ್ಯರಾತ್ರಿ ಹನ್ನೆರಡೂವರೆ ದಾಟಿದ ಮೇಲೆ ಆರಂಭವಾಗುತ್ತವೆ. ಯಾವ ಮೈದಾನದ ಕಡೆಗೆ ಕಣ್ಣಿಡಬೇಕೆಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ. ಸೋಮವಾರಕ್ಕೆ ರಜೆಯ ಅರ್ಜಿಯನ್ನು ಮಾತ್ರ ಶುಕ್ರವಾರವೇ ಕೊಟ್ಟುಬಿಡಿ.