ಫೈಬರ್ ಪೆಟ್ಟಿಗೆಯ ಬದಲು ಸ್ವಂತ ರೂಟರ್ ಬಳಸಬಹುದೇ?

ಪ್ರಶ್ನೆ:
ಇಂಟರ್‌ನೆಟ್ ಕಂಪನಿಯವರು ಕೊಟ್ಟಿರುವ ಫೈಬರ್ ಪೆಟ್ಟಿಗೆಯ ವೈಫೈ ನಮ್ಮ ಮನೆಯ ಮಹಡಿಯವರೆಗೆ ತಲುಪುವುದಿಲ್ಲವಾದ್ದರಿಂದ ಸ್ವಂತ ರೂಟರ್ ಕೊಂಡಿದ್ದೇನೆ. ಹಳೆಯ ಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಬಹುದೇ?

ಉತ್ತರ 1:
ಸಾಮಾನ್ಯವಾಗಿ ಆಗದು. ಮನೆಗಳಿಗೆ ಫೈಬರ್ ತರುವ ಜಿಪಾನ್ ಎಂಬ ಬಗೆಯ ಜಾಲದಲ್ಲಿ ಒಂದೇ ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ, ಕಂಪನಿಯ ಕಡೆಯ ಓಎಲ್‌ಟಿ ಎಂಬ ಯಂತ್ರ ಪ್ರತಿ ಮನೆಯ ಓಎನ್‌ಟಿಯನ್ನು, ಅಂದರೆ ಈ ಫೈಬರ್ ಪೆಟ್ಟಿಗೆಯನ್ನು, ಅದರ ಸರಣಿ ಸಂಖ್ಯೆಯಿಂದ ಗುರುತಿಸುತ್ತದೆ; 1490 ನ್ಯಾನೋಮೀಟರ್‌ನಲ್ಲಿ ಬಂದು 1310ರಲ್ಲಿ ಹೋಗುವ ಬೆಳಕಿನ ಭಾಷೆ ಮಾಮೂಲಿ ರೂಟರ್‌ಗೆ ತಿಳಿಯದು. ಆದ್ದರಿಂದ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಸಂಪರ್ಕವನ್ನು ರೂಟರ್‌ಗೆ ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿಸಿ, ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಬಳಕೆದಾರ ಹೆಸರು, ಗುಪ್ತಪದ ಹಾಗೂ ವಿಲ್ಯಾನ್ (ಒಂದೇ ಎಳೆಯಲ್ಲಿನ ಸೇವೆಗಳನ್ನು ಬೇರ್ಪಡಿಸುವ ಗುರುತು) ಸಂಖ್ಯೆಯನ್ನು ಕಂಪನಿಯಿಂದ ಕೇಳಿ ಪಡೆದು ನಿಮ್ಮ ರೂಟರ್‌ನಲ್ಲಿ ನಮೂದಿಸಿ. ಎಂಟಿಯು (ಒಮ್ಮೆಗೆ ಕಳಿಸುವ ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1492 ಇರಲಿ. 1500 ಎಂದೇ ಬಿಟ್ಟರೆ ಕೆಲವು ತಾಣಗಳು ತೆರೆಯದೆ ತಡವರಿಸಬಹುದು.

ಉತ್ತರ 2:
ಸ್ಥಿರ ದೂರವಾಣಿಯೂ ಅದೇ ಪೆಟ್ಟಿಗೆಯಲ್ಲಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ನಮ್ಮ ಮನೆಯ ಫೋನ್ ಎರಡು ದಿನ ಮೂಕವಾಗಿತ್ತು. ರೂಟರ್‌ಗೆ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾಗುವ ಐಪಿ ವಿಳಾಸ ಸಿಕ್ಕರೆ ಸಿಜಿನ್ಯಾಟ್ (ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಇದೆಯೆಂದು ತಿಳಿಯಿರಿ; ಆಗ ಹೊರಗಿನಿಂದ ಕ್ಯಾಮೆರಾ ನೋಡಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಕೋರಿಕೆಯನ್ನು ಮನೆಯೊಳಗಿನ ಸಾಧನಕ್ಕೆ ಕಳಿಸುವ ಏರ್ಪಾಡು) ಮಾಡಿ ಪ್ರಯೋಜನವಿಲ್ಲ.

ಉತ್ತರ 3:
ತೊಂದರೆ ವೈಫೈಯದಷ್ಟೇ ಆದರೆ ಇಷ್ಟೆಲ್ಲ ಏಕೆ? ಮಹಡಿಗೆ ಒಂದು ಈಥರ್‌ನೆಟ್ ತಂತಿ ಎಳೆದು, ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಬರೀ ವೈಫೈ ಹರಡುವ ಸ್ಥಿತಿಯಲ್ಲಿ) ಇಟ್ಟರೆ ಸಾಕು.