ಪಥ್ಯ, ಹಗುರ ಊಟ, ಉಪವಾಸ: ಶುಗರ್ ಇದ್ದವ್ರಿಗೆ ಬರಿಯೋವಾಗ ಈ ಪದ ನಡೀತಾವೇನ್ರಿ?

ಪಥ್ಯ ಅನ್ನೋ ಪದದ ಬಗ್ಗೆ ಮತ್ತ ಅದರ ಜೊತಿಗೆ ಇನ್ನೊಂದೆರಡು ಪದದ ಬಗ್ಗೆ ಕೇಳೋದೈತ್ರಿ. ಗಂಗಾವತಿ, ಕಾರಟಗಿ ಕಡೆ ಹಳ್ಳ್ಯಾಗ ಹಂಚಾಕ ಶುಗರ್ ಇದ್ದವ್ರು ಏನು ಉಣಬೇಕು ಎಷ್ಟು ಉಣಬೇಕು ಅಂತ ಒಂದು ಕರಪತ್ರ ಬರಿಯಾಕತ್ತೀವಿ. ಡಾಕ್ಟರ್ ಹೇಳಿದ ವಿಷಯ ಎಲ್ಲಾ ಸರಿ ಐತಿ, ಡಿಕ್ಷನರಿ ತಗದ್ರ ಪದಗಳೂ ಸಿಗತಾವ, ಆದ್ರ ಆ ಪದ ಇಲ್ಲಿ ಮಂದಿ ಕಿವಿಗೆ ಬಿದ್ದಾಗ ಅವ್ರು ಹಿಡಿಯೋ ಅರ್ಥ ಬ್ಯಾರೆ, ಕೆಲವು ಕಡೆ ಪೂರ್ತಿ ಉಲ್ಟಾ. ಉಲ್ಟಾ ಅರ್ಥ ಆದ್ರ ಇಲ್ಲಿ ಬರೇ ಭಾಷಾ ತಪ್ಪಲ್ಲ, ಆ ಮನಷ್ಯಾನ ಮೈಗೆ ಬೀಳತೈತಿ. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ಮೊದಲು ಪಥ್ಯನೇ ನೋಡ್ರಿ. ಸಂಸ್ಕೃತದಾಗ ಪಥ ಅಂದ್ರ ದಾರಿ, ಅದಕ್ಕ ಹೊಂದೋದು ಪಥ್ಯ, ಅಂದ್ರ ಮೈಗೆ ಹಿತ ಆಗೋದು, ಹೊಂದದ್ದು ಅಪಥ್ಯ. ಬರಹದ ಕನ್ನಡದಾಗ ‘ಆ ಮಾತು ಅವರಿಗೆ ಪಥ್ಯವಾಗಲಿಲ್ಲ’ ಅಂತೀವಲ್ಲ, ಅಲ್ಲಿ ಆ ಅರ್ಥ ಇನ್ನೂ ಉಳದೈತಿ. ಆದ್ರ ನಮ್ಮ ಕಡೆ ಮನ್ಯಾಗ ಪಥ್ಯ ಅಂದ್ರ ಟೈಫಾಯ್ಡ್ ಆದವ್ರಿಗೆ, ಕಾಮಾಲಿ ಆದವ್ರಿಗೆ, ಬಾಣಂತಿಗೆ ಮಾಡೋ ಅಡಗಿ. ಮೆತ್ತನ್ನ ಅನ್ನ, ಗಂಜಿ, ಮೆಣಸಿನ ಸಾರು. ರೊಟ್ಟಿ ಬ್ಯಾಡ ಗಟ್ಟಿ ಆಗತೈತಿ, ಕಾಳು ಬ್ಯಾಡ ವಾಯು ಆಗತೈತಿ, ಬದನಿಕಾಯಿ ನಂಜು, ಪುಂಡಿಪಲ್ಲೆ ಹುಳಿ. ಈಗ ಶುಗರ್ ಬಂದ ಮನಷ್ಯಾಗ ‘ಪಥ್ಯ ಮಾಡ್ರಿ’ ಅಂತ ಬರದ್ರ ಅವ ಏನು ಮಾಡ್ತಾನ? ಅಲ್ಲೀತನಕ ಉಣ್ಣಾಕತ್ತಿದ್ದ ಜ್ವಾಳದ ರೊಟ್ಟಿ, ಹೆಸರುಕಾಳು ಪಲ್ಲೆ, ಮಡಕಿಕಾಳು ಎಲ್ಲಾ ಬಿಟ್ಟು ಮೆತ್ತನ್ನ ಅನ್ನಕ್ಕ, ಗಂಜಿಗೆ ಬರತಾನ. ನುಣ್ಣಗ ಬೆಂದ ಅನ್ನ ಹೊಟ್ಯಾಗ ಲಗೂನ ಕರಗತೈತಿ, ಕರಗಿದಷ್ಟೂ ಲಗೂನ ರಕ್ತದಾಗ ಸಕ್ರಿ ಏರತೈತಿ. ಅಂದ್ರ ಇಟ್ಕೋಬೇಕಾದ್ದನ್ನ ಬಿಟ್ಟ, ಕಮ್ಮಿ ಮಾಡಬೇಕಾದ್ದನ್ನ ಹೆಚ್ಚು ಮಾಡಿದ, ಅದೂ ಭಾಳ ನಿಷ್ಠಾದಿಂದ.

ಇನ್ನೊಂದು, ಪಥ್ಯಕ್ಕ ಒಂದು ಕೊನಿ ಇರತೈತಿ. ‘ಪಥ್ಯ ಮುಗೀತು, ಇವತ್ತಿಂದ ಎಲ್ಲಾ ಉಣಬೌದು’ ಅಂತಾರ. ಶುಗರ್‌ಗೆ ಆ ದಿನ ಇಲ್ಲ. ರಿಪೋರ್ಟ್‌ನ್ಯಾಗ ನಂಬರ್ ಇಳಿದ ಕೂಡ್ಲೆ ಪಥ್ಯ ಬಿಟ್ಟವ್ರನ್ನ ಭಾಳ ಮಂದಿನ್ನ ನೋಡೀನಿ, ಅವ್ರು ಮಾತು ಕೇಳಲಾರದವ್ರಲ್ಲ, ಆ ಪದ ಅವ್ರಿಗೆ ಕಲಿಸಿದ್ದೇ ಅದು. ‘ಡಯಟ್’ ಅಂತ ಬರಿಯೋಣ ಅಂದ್ರ ಹುಡುಗ್ರ ಬಾಯಾಗ ಅದು ಉಣಲಾರದ ಇರೋದು ಅನ್ನೋ ಅರ್ಥಕ್ಕ ಬಂದುಬಿಟ್ಟೈತಿ. ‘ಆಹಾರ ಪದ್ಧತಿ’ ಪೇಪರ್ ಭಾಷೆ. ನನಗ ‘ದಿನದ ಊಟ’ ಇಲ್ಲಾ ‘ಉಣ್ಣೋ ರೂಢಿ’ ಅಂತ ಇಡಬೇಕು ಅನ್ನಸಾಕತ್ತೈತಿ, ರೂಢಿ ಅಂದ್ರ ಮುಗಿಯೋದಲ್ಲ ಅನ್ನೋದು ಎಲ್ರಿಗೂ ಗೊತ್ತು. ಇದಕ್ಕಿಂತ ಚಲೋ ಪದ ನಿಮ್ಮ ಊರಾಗ ಇದ್ರ ಹೇಳ್ರಿ.

ಹಗುರ ಅನ್ನೋದೂ ಹಿಂಗ. ‘ರಾತ್ರಿ ಹಗುರ ಊಟ ಮಾಡಿ’ ಅಂತ ಎಲ್ಲಾ ಕಡೆ ಬರೀತಾರ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾದಾಗ ಹಗುರ ಅಂದ ಕೂಡ್ಲೆ ನೆನಪಾಗೋದು ಮಂಡಕ್ಕಿ ಒಗ್ಗರಣಿ. ಕೈಯಾಗ ಹಿಡದ್ರ ಹಗುರನೇ, ಹೊಟ್ಟಿಗೂ ಭಾರ ಅನಸಂಗಿಲ್ಲ, ಆದ್ರ ಅದು ಅಕ್ಕಿನೇ, ಉಬ್ಬಿಸಿದ ಅಕ್ಕಿ, ಅನ್ನದಷ್ಟ ಇಲ್ಲಾ ಅನ್ನಕ್ಕಿಂತ ಜೋರಾಗಿ ಶುಗರ್ ಏರಸತೈತಿ, ಅದರ ಬಾಜೂಕ ಮಿರ್ಚಿನೂ ಬರತೈತಿ. ಸರಿಯಾಗಿ ಹೇಳಬೇಕಂದ್ರ ಇಂಥವ್ರಿಗೆ ಬೇಕಾದ್ದು ಲಗೂನ ಅರಗೋದಲ್ಲ, ತಡದು ಅರಗೋದು. ಗ್ಲೈಸೆಮಿಕ್ ಇಂಡೆಕ್ಸ್ ಅಂತ 1981ರಾಗ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತ ಅವ್ರ ಜೊತಿಯವ್ರು ಕೊಟ್ಟ ಲೆಕ್ಕ ಐತಲ್ಲ, ಯಾವ ಆಹಾರ ಎಷ್ಟು ಜಲ್ದಿ ರಕ್ತದ ಸಕ್ರಿ ಏರಸತೈತಿ ಅನ್ನೋದು, ಅದನ್ನ ಪುಸ್ತಕದಾಗ ‘ಗ್ಲೈಸೆಮಿಕ್ ಸೂಚ್ಯಂಕ’ ಅಂತ ಬರದಿರತಾರ, ಅದರಿಂದ ಹೊಲಕ್ಕ ಹೋಗೋ ಮನಷ್ಯಾಗ ಏನೂ ಸಿಗಂಗಿಲ್ಲ. ಅದೇ ಮನಷ್ಯಾ ‘ಅನ್ನ ಉಂಡ್ರ ತಾಸಿಗೆ ಹಸಿವು, ರೊಟ್ಟಿ ಉಂಡ್ರ ಸಂಜೀತನಕ ಹೊಟ್ಟಿ ಹಿಡಿತೈತಿ’ ಅಂತಾನ. ಈ ‘ಹೊಟ್ಟಿ ಹಿಡಿಯೋದು’ ಅನ್ನೋ ಮಾತು ಆ ಇಂಡೆಕ್ಸಿಗೆ ಅಕ್ಷರಶಃ ಸಮ ಅಲ್ಲ, ಖರೆ, ಆದ್ರ ಕರಪತ್ರಕ್ಕ ಇದಕ್ಕಿಂತ ಹತ್ರದ ಮಾತು ನನಗ ಕಾಣವಲ್ದು. ‘ಹಗುರ ಊಟ’ ತಗದು ‘ಕಮ್ಮಿ ಉಣ್ರಿ, ಹೊಟ್ಟಿ ಹಿಡಿಯೋದು ಉಣ್ರಿ’ ಅಂತ ಬರದ್ರ ಹೆಂಗ?

ಇನ್ನ ರೋಗದ ಹೆಸರಿಗೆ ಬರೋಣ. ಮಧುಮೇಹ ಅನ್ನೋದು ಆಯುರ್ವೇದದ ಪದ, ಚರಕ ಸಂಹಿತೆ ಹೇಳೋ 20 ಪ್ರಮೇಹದಾಗ ಒಂದು, ಮೇಹ ಅಂದ್ರ ಮೂತ್ರ ಹೋಗೋದು. ಇಲ್ಲಿ ಯಾರೂ ಹಂಗ ಅನ್ನಂಗಿಲ್ಲ, ಸಕ್ರಿ ಬ್ಯಾನಿ ಅಂತಾರ, ಈಗೀಗ ಬರೇ ಶುಗರ್. ಎರಡೂ ಒಂದ ಬೇರಿಂದ ಬಂದವು, ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆ ಆತು, ಪರ್ಷಿಯನ್ ಅರಬ್ಬಿ ದಾಟಿ ಯುರೋಪಿಗೆ ಹೋಗಿ ಶುಗರ್ ಆತು. ಅದಿರ್ಲಿ, ಹೆಸರಾಗ ಸಕ್ರಿ ಇರೋದಕ್ಕ ಮಂದಿ ಸಕ್ರಿ ಡಬ್ಬಿ ಒಂದ ತಗದಿಡತಾರ. ಹೋಟೆಲ್‌ನ್ಯಾಗ ‘ಒಂದು ವಿದೌಟ್ ಚಾ’ ಅಂತಾರ, ಮನ್ಯಾಗ ಸಕ್ರಿ ಬದಲಿ ಬೆಲ್ಲ ಹಾಕ್ಕೋತಾರ, ಮಧ್ಯಾಹ್ನ ಗಂಗಾಳ ತುಂಬ ಸೋನಾ ಮಸೂರಿ ಅನ್ನ ಉಣತಾರ. ಬೆಲ್ಲದಾಗೂ ಬಹುಪಾಲು ಅದೇ ಸಕ್ರಿ ಐತಿ, ರಕ್ತಕ್ಕ ಬಣ್ಣದ ಫರಕು ತಿಳಿಯಂಗಿಲ್ಲ. ಅನ್ನದ ಮಾತು ಇನ್ನೂ ದೊಡ್ಡದು, ಯಾಕಂದ್ರ 1950ರ ದಶಕದಾಗ ತುಂಗಭದ್ರಾ ಡ್ಯಾಮ್ ಆಗಿ ಎಡದಂಡಿ ಕಾಲುವಿ ನೀರು ಹರಿದ ಮ್ಯಾಲ ಈ ಕಡಿಗೆ ಭತ್ತ ಬಂತು, ಜ್ವಾಳ, ಸಜ್ಜಿ, ನವಣಿ ಹಿಂದಕ್ಕ ಹೋದ್ವು, ಹಬ್ಬಕ್ಕ ಮಾಡತಿದ್ದ ಅನ್ನ ಎರಡೂ ಹೊತ್ತಿನ ಊಟ ಆತು.

ಹಂಗಾರ ಅನ್ನದಾಗಿರೋ ಆ ವಸ್ತುವಿಗೆ ಏನನ್ನೋದು? ಸಾಲ್ಯಾಗ ನಾವು ಓದಿದ್ದು ಶರ್ಕರಪಿಷ್ಟ, ಅದರಾಗ ಶರ್ಕರನೂ ಐತಿ ಪಿಷ್ಟನೂ ಐತಿ, ಪದ ಕಟ್ಟಿದವ್ರು ವಿಚಾರ ಮಾಡೇ ಕಟ್ಯಾರ. ಆದ್ರ ಹಳ್ಳ್ಯಾಗ ಓದಿ ಹೇಳಿದ್ರ ಯಾರ ಮುಖದಾಗೂ ಏನೂ ಹೊಳಿಯಂಗಿಲ್ಲ. ಕಾರ್ಬೋಹೈಡ್ರೇಟ್ ಅಂದ್ರ ಹುಡುಗ್ರಿಗೆ ತಿಳಿತೈತಿ, ಅಜ್ಜಗ ಇಲ್ಲ. ನಾನು ‘ಹಿಟ್ಟಿನಂಶ’ ಅಂತ ಬರದು ನೋಡೀನಿ, ಅದರಾಗೊಂದು ತೊಡಕು, ಹಿಟ್ಟು ಅಂದ್ರ ಇಲ್ಲಿ ಜ್ವಾಳದ ಹಿಟ್ಟೇ, ರೊಟ್ಟಿನೇ ಬಿಡಬೇಕೇನೋ ಅಂತ ತಿಳ್ಕೋತಾರ. ಹಂಗಂತ ರೊಟ್ಟಿ ಎಷ್ಟು ಉಂಡ್ರೂ ನಡೀತೈತಿ ಅಂತಲೂ ಅಲ್ರಿ, ಅದನ್ನ ನಾನು ಜೋರಾಗಿ ಹೇಳತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಾಗ ಹೊರಡಿಸಿದ ಆಹಾರ ಪಟ್ಟಿ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕ್ಯಾಗ ಈ ವಸ್ತು ಸುಮಾರು 78 ಗ್ರಾಂ, ಜ್ವಾಳದಾಗ ಸುಮಾರು 68 ಗ್ರಾಂ. ಭಾಳ ಫರಕು ಇಲ್ಲ. ಫರಕು ಇರೋದು ನಾರಿನಾಗ, ಅಕ್ಕ್ಯಾಗ 3 ಗ್ರಾಂ ಹತ್ರ, ಜ್ವಾಳದಾಗ 10 ಗ್ರಾಂ ಹತ್ರ. ಅದಕ್ಕ ಜ್ವಾಳ ಹೊಟ್ಟಿ ಹಿಡಿಯೋದು, ಆದ್ರೂ ನಾಕು ರೊಟ್ಟಿ ಉಣ್ಣೋ ಕಡೆ ಎರಡು ಉಂಡು ಪಲ್ಲೆ, ಕಾಳು, ಹಸಿ ಸವತಿಕಾಯಿ, ಮೆಂತೆ ಸೊಪ್ಪು ಹೆಚ್ಚು ಮಾಡಿದ್ರನ ಉಪಯೋಗ. ‘ಸಕ್ರಿ ಆಗೋ ಆಹಾರ’ ಅಂತ ಬರದ್ರ ಹೆಂಗ ಅಂತ ಜೊತಿಗಿದ್ದವ್ರೊಬ್ರು ಕೇಳ್ಯಾರ. ನನಗ ಅದು ಹಿಡಿಸೈತಿ, ಅನ್ನನೂ ಹೊಟ್ಯಾಗ ಸಕ್ರಿ ಆಗತೈತಿ ಅನ್ನೋದು ಆ ಮಾತಿನಾಗ ಬಂದುಬಿಡತೈತಿ. ಪಾರಿಭಾಷಿಕ ಪದ ಬಲ್ಲವ್ರು ಇದಕ್ಕ ಒಪ್ಪತೀರೋ ಇಲ್ಲೋ ತಿಳಸ್ರಿ. ಜೊತಿಗೆ ಹಿಟ್ಟು ಮತ್ತ ಪಿಷ್ಟ ಒಂದ ಬೇರಿನವೇನು ಅನ್ನೋದನ್ನೂ.

ಉಪವಾಸ ಅನ್ನೋದಕ್ಕಂತೂ ಲಗೂನ ಬದಲಿ ಬೇಕಾಗೈತಿ. ಫಾಸ್ಟಿಂಗ್ ಟೆಸ್ಟಿಗೆ ‘ಉಪವಾಸದ ರಕ್ತ ಪರೀಕ್ಷೆ’ ಅಂತ ಬರೀತಾರ. ನಮ್ಮಲ್ಲಿ ಉಪವಾಸ ಅಂದ್ರ ಸಾಬೂದಾಣಿ ಖಿಚಡಿ, ಬಾಳಿಹಣ್ಣು, ಹಾಲು, ಶೇಂಗಾ ಉಂಡಿ, ಅನ್ನ ರೊಟ್ಟಿ ಒಂದ ಇಲ್ಲ. ‘ಖಾಲಿ ಹೊಟ್ಟಿ’ ಅಂದ್ರೂ ಚಾ ಕುಡದ ಬರತಾರ, ಚಾ ಊಟ ಅಲ್ಲಲ್ಲ. ಅದಕ್ಕ ಒಂದ ಪದದಾಗ ಹೇಳೋ ಆಸೆ ಬಿಟ್ಟು ‘ರಾತ್ರಿ ಉಂಡು 8 ತಾಸು ಆದ ಮ್ಯಾಲ, ಚಾ ಸೈತ ಕುಡೀಲಾರದ, ನೀರು ಕುಡದ್ರ ನಡೀತೈತಿ’ ಅಂತ ಬರದೀವಿ. ಒಪ್ಪತ್ತು ಮಾಡೋವ್ರ ವಿಷಯ ಇನ್ನೂ ಜೋಕಿಂದ ಬರೀಬೇಕು. ಇನ್ಸುಲಿನ್ ಇಲ್ಲಾ ಕೆಲವು ಗುಳಿಗಿ ತಗೊಳ್ಳೋವ್ರು ಊಟ ತಪ್ಪಿಸಿದ್ರ ಶುಗರ್ 70ಕ್ಕಿಂತ ಕೆಳಗ ಇಳಿಬೌದು, ಬೆವರು ಬಿಡತೈತಿ, ಕೈ ನಡಗತಾವ, ಕಣ್ಣಿಗೆ ಕತ್ತಲಿ ಬರತೈತಿ. ಆ ಹೊತ್ತಿನಾಗ ಸಕ್ರಿನೇ ಔಷಧ, ಮೂರು ಚಮಚ ಸಕ್ರಿ ನೀರಾಗ ಕಲಸಿ ಕುಡದು 15 ನಿಮಿಷ ಬಿಟ್ಟು ಮತ್ತ ಚೆಕ್ ಮಾಡಬೇಕು. ಪಥ್ಯ ಅಂತ ಹಟ ಹಿಡದು ಆಗಲೂ ಸಕ್ರಿ ಬ್ಯಾಡ ಅನ್ನೋವ್ರದಾರ. ಇದಕ್ಕ ‘ಶುಗರ್ ಲೋ’ ಅಂತ ಎಲ್ರೂ ಅಂತಾರ, ಅದನ್ನೇ ಇಟ್ಟೀವಿ, ‘ರಕ್ತಸಕ್ಕರೆ ಕುಸಿತ’ ಅಂತ ಬರೀಲಿಲ್ಲ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆಗೂ ಮಂದಿನೇ ‘ಮೂರು ತಿಂಗಳ ಶುಗರ್’ ಅಂತ ಚಂದ ಹೆಸರು ಇಟ್ಟಾರ, ಅದಕ್ಕ ಕೈ ಹಚ್ಚಿಲ್ಲ.

ಕೊನೀಗೆ ತೂಕ. ಇಲ್ಲಿ ನನಗ ಪದನೇ ಸಿಕ್ಕಿಲ್ಲ. ಭಾರತೀಯರಿಗೆ ಬಿಎಂಐ, ಅಂದ್ರ ಎತ್ತರಕ್ಕ ತೂಕ ಹೊಂದತೈತೋ ಇಲ್ಲೋ ಅಂತ ನೋಡೋ ಲೆಕ್ಕ, 23 ದಾಟಿದ್ರ ತೂಕ ಹೆಚ್ಚು ಅಂತ ಲೆಕ್ಕ, ಸೊಂಟದ ಸುತ್ತಳತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರ್ದು, 80 ಕೆಜಿ ಮನಷ್ಯಾ ನಾಕೈದು ಕೆಜಿ ಇಳಿಸಿದ್ರೂ ಶುಗರ್‌ಗೆ ಭಾಳ ಅನುಕೂಲ. ಇದನ್ನ ಬರಿಯೋದು ಸುಲಭ. ಆದ್ರ ಒಬ್ಬಾಕಿ ಕಷ್ಟಪಟ್ಟು ತೂಕ ಇಳಿಸಿಕೊಂಡು ಓಣ್ಯಾಗ ಹೊಂಟ್ರ ಮಂದಿ ಅನ್ನೋದು ‘ಯಾಕವಾ, ಸೊರಗೀದಿ’, ‘ಬಾಡೀದಿ’, ‘ಅರ್ಧಕ್ಕರ್ಧ ಆಗೀದಿ’, ‘ಏನು ಚಿಂತಿ ಹಚ್ಕೊಂಡೀದಿ’. ಎಲ್ಲಾ ಮರುಕದ ಮಾತು. ದಪ್ಪ ಆದ್ರ ‘ಮೈಕೈ ತುಂಬ್ಕೊಂಡಾಳ’ ಅಂತ ಸಂತೋಷದ ಮಾತು ಐತಿ. ಸಣ್ಣ ಆದದ್ದಕ್ಕ ಮೆಚ್ಚಿಗಿ ಮಾತು ಇಲ್ಲದ್ದಕ್ಕ ಆಕಿ ಮನಿಗೆ ಹೋಗಿ ಮತ್ತ ಎರಡು ಸೌಟು ಅನ್ನ ಹೆಚ್ಚು ಹಾಕ್ಕೋತಾಳ. ‘ಮೈ ಹಗುರ ಆಗೈತಿ’ ಅಂತ ಒಂದು ಮಾತು ಕೆಲವು ಮುದುಕ್ಯಾರ ಬಾಯಾಗ ಕೇಳೀನಿ, ಜಡ್ಡಿಂದ ಎದ್ದ ಮ್ಯಾಲ ಅನ್ನೋದು ಅದು. ಅದನ್ನ ಇದಕ್ಕ ಬಳಸಬೌದೇನು, ಇಲ್ಲಾ ಸಿರುಗುಪ್ಪ, ಮಾನವಿ, ಕುಷ್ಟಗಿ ಕಡಿಯವ್ರ ಹತ್ರ ಇದಕ್ಕಿಂತ ಖುಷಿಯಿಂದ ಅನ್ನೋ ಮಾತು ಐತೇನು? ಕರಪತ್ರ ಪ್ರಿಂಟಿಗೆ ಹೋಗೋದು ಇನ್ನೂ ತಡ ಐತಿ, ಗೊತ್ತಿದ್ದವ್ರು ನಿಮ್ಮೂರಾಗ ಯಾರು ಯಾವಾಗ ಹಂಗ ಅಂತಾರ ಅನ್ನೋದನ್ನೂ ಸೇರಿಸಿ ಬರೀರಿ.